ರೂಢಿ ಏನು ಅಂತ ಹೇಳುವವರು ಯಾರು?

ಪ್ರಶ್ನೆ: ನಾನು ಸಮಾಜಕಾರ್ಯ ಓದುತ್ತಿದ್ದೇನೆ. ಒಂದೇ ದೇಶದಲ್ಲಿ ಸರ್ಕಾರದ ಕಾನೂನು, ಧರ್ಮದ ಕಾನೂನು, ಸಮುದಾಯದ ರೂಢಿ ಮೂರೂ ಒಟ್ಟಿಗೆ ನಡೆಯುವುದನ್ನು 'ಕಾನೂನು ಬಹುತ್ವ' ಅನ್ನುತ್ತಾರೆ ಎಂದು ಪಾಠದಲ್ಲಿ ಬಂತು. ತರಗತಿಯಲ್ಲಿ ದೊಡ್ಡ ಜಗಳವೇ ಆಯಿತು. ಅರ್ಧ ಜನ ಸಂಸ್ಕೃತಿಗೆ ಮರ್ಯಾದೆ ಕೊಡಲೇಬೇಕು ಅಂದರು. ಉಳಿದವರು ಎಲ್ಲರಿಗೂ ಒಂದೇ ಕಾನೂನು ಇದ್ದರೆ ಮಾತ್ರ ನ್ಯಾಯ ಅಂದರು. ಸಾಂಸ್ಕೃತಿಕ ಮೌಲ್ಯಗಳು ಸಾಮಾಜಿಕ ನ್ಯಾಯಕ್ಕೆ ನೆರವಾಗುತ್ತವೆಯೇ, ಅಡ್ಡಿಯಾಗುತ್ತವೆಯೇ? ನಾನು ಯಾವ ಕಡೆ ನಿಲ್ಲಲಿ?

ಉತ್ತರ: ನಿಮ್ಮ ತರಗತಿಯ ಎರಡೂ ಗುಂಪಿನವರು ಒಂದು ಮಾತನ್ನು ಒಪ್ಪಿಕೊಂಡೇ ಜಗಳ ಶುರು ಮಾಡಿದ್ದಾರೆ. ಸಂಸ್ಕೃತಿ ಒಂದು ಕಡೆ, ನ್ಯಾಯ ಇನ್ನೊಂದು ಕಡೆ ಅಂತ. ಬಹಳ ವರ್ಷ ಈ ವಿಷಯ ಪಾಠ ಮಾಡಿದ್ದೇನೆ. ಆ ಗೆರೆ ನನಗಂತೂ ಎಲ್ಲೂ ಕಂಡಿಲ್ಲ. ಯಾಕೆ ಅಂತ ಹೇಳಲು ಒಂದು ಮನೆಯ ಕಥೆಯಿಂದ ಶುರು ಮಾಡುತ್ತೇನೆ.

ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಅಂಚಿನಲ್ಲಿ ಖಯೆಲಿತ್ಶಾ ಅಂತ ಒಂದು ಬಡವರ ಬಡಾವಣೆ ಇದೆ. ಅಲ್ಲಿ ಒಬ್ಬ ಬಡಗಿ, ಮನೆಗೆಲಸಕ್ಕೆ ಹೋಗುವ ಒಬ್ಬ ಹೆಂಗಸು, ಅವರಿಬ್ಬರ ಎರಡು ಹೆಣ್ಣುಮಕ್ಕಳು. ಮದುವೆ ಆಗಿರಲಿಲ್ಲ, ಆದರೆ ಹತ್ತು ವರ್ಷಕ್ಕೂ ಜಾಸ್ತಿ ಒಟ್ಟಿಗೇ ಸಂಸಾರ ಮಾಡಿದ್ದರು. ಸರ್ಕಾರದ ಸಬ್ಸಿಡಿಯಿಂದ ಒಂದು ಜಾಗ ಕೊಂಡು, ಮನೆ ಕಟ್ಟುವ ಸಾಮಾನನ್ನೂ ತಂದಿಟ್ಟುಕೊಂಡಿದ್ದರು. ಅಲ್ಲಿಯವರೆಗೆ ಅದೇ ಜಾಗದಲ್ಲಿ ಒಂದು ತಾತ್ಕಾಲಿಕ ಶೆಡ್ಡಿನಲ್ಲಿ ವಾಸ. ಮನೆ ಏಳುವ ಮೊದಲೇ, 2002ರಲ್ಲಿ, ಬಡಗಿ ತೀರಿಕೊಂಡ. ದೊಡ್ಡ ಮಗಳು ಇನ್ನೂ ಚಿಕ್ಕ ಹುಡುಗಿ, ಎರಡನೆಯದು ಕೂಸು.

ಆ ಜಾಗ ಈಗ ಯಾರದು? ಅಲ್ಲಿನ ಕರಿಯ ಜನರ ವಾರಸಿಗೆ ಅನ್ವಯಿಸುತ್ತಿದ್ದ ರೂಢಿ ಕಾನೂನಿನ ಪ್ರಕಾರ ಹಿರಿಯ ಗಂಡು ಸಂಬಂಧಿಗೇ ಆಸ್ತಿ. ಇವರು ಹೆಣ್ಣುಮಕ್ಕಳು, ಅದರ ಮೇಲೆ ಮದುವೆಯಿಲ್ಲದೆ ಹುಟ್ಟಿದವರು. ಹಾಗಾಗಿ ಬೇರೆ ಪ್ರಾಂತ್ಯದಲ್ಲಿದ್ದ ಬಡಗಿಯ ಅಪ್ಪನೇ ಏಕೈಕ ವಾರಸುದಾರ ಅಂತಾಯಿತು. ಅಜ್ಜ ಆ ಜಾಗ ಮಾರಿ, ಮಗನ ಅಂತ್ಯಕ್ರಿಯೆಗೆ ಆದ ಖರ್ಚು ತೀರಿಸಲು ಹೊರಟ. ಮೊಮ್ಮಕ್ಕಳು ಎಲ್ಲಿ ಮಲಗಬೇಕು ಅನ್ನುವ ಪ್ರಶ್ನೆಗೆ ಆ ನಿಯಮದಲ್ಲಿ ಉತ್ತರವೇ ಇರಲಿಲ್ಲ. ತಾಯಿ ಮಕ್ಕಳ ಪರವಾಗಿ ಕೋರ್ಟಿಗೆ ಹೋದಳು. ಆ ತಾಯಿಯ ಹೆಸರಿನಿಂದ ಕಾನೂನು ಓದುವವರು ಇದನ್ನು 'ಭೇ ಪ್ರಕರಣ' ಅಂತ ಕರೆಯುತ್ತಾರೆ. 2004ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಮಕ್ಕಳ ಪರ ತೀರ್ಪು ಕೊಟ್ಟಿತು.

ಸಂಸ್ಕೃತಿ ಸೋತಿತು, ಸಮಾನತೆ ಗೆದ್ದಿತು ಅಂತ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುವವರಿದ್ದಾರೆ. ತೀರ್ಪು ಓದಿದರೆ ಹಾಗಿಲ್ಲ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಪಯಸ್ ಲಂಗಾ ಮೊದಲು ಕೇಳಿಕೊಂಡದ್ದು ಈ ನಿಯಮ ಹುಟ್ಟಿದ್ದು ಯಾಕೆ ಅಂತ. ಹಿಂದೆ ಕೂಡು ಕುಟುಂಬದಲ್ಲಿ ಹಿರಿಯ ಮಗನಿಗೆ ಆಸ್ತಿಯೊಂದೇ ಬರುತ್ತಿರಲಿಲ್ಲ. ಸತ್ತವನ ಜಾಗದಲ್ಲಿ ನಿಂತು ವಿಧವೆ, ಮಕ್ಕಳು, ಅವಲಂಬಿಸಿದವರನ್ನೆಲ್ಲ ಸಾಕುವ ಹೊಣೆಯೂ ಅವನ ಹೆಗಲಿಗೆ ಬರುತ್ತಿತ್ತು. ದನ, ಹೊಲ, ಮನೆ ಎಲ್ಲ ಆ ಹೊಣೆಗಾಗಿ ಅವನ ಕೈಯಲ್ಲಿರುತ್ತಿದ್ದವು. ಜನ ಪಟ್ಟಣ ಸೇರಿದರು, ಸಂಸಾರಗಳು ಬೇರೆಯಾದವು. ವಾರಸುದಾರ ಎಲ್ಲೋ, ಮಕ್ಕಳು ಎಲ್ಲೋ. ಆಸ್ತಿ ಹೋಗುವ ದಾರಿ ಮಾತ್ರ ಹಾಗೇ ಉಳಿಯಿತು, ಹೊಣೆ ನಡುವೆಲ್ಲೋ ಕಳಚಿಬಿತ್ತು.

ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮೌಲ್ಯ ಬೇರೆ, ಆ ಮೌಲ್ಯವನ್ನು ಕಾಯಲು ಒಂದು ಕಾಲದಲ್ಲಿ ಮಾಡಿಕೊಂಡ ನಿಯಮ ಬೇರೆ. ಯಾರನ್ನೂ ಅನಾಥರಾಗಿ ಬಿಡಬಾರದು ಅನ್ನುವುದು ಮೌಲ್ಯ. ಹಿರಿಯ ಗಂಡಿಗೆ ಆಸ್ತಿ ಅನ್ನುವುದು ನಿಯಮ. ಖಯೆಲಿತ್ಶಾದ ಶೆಡ್ಡಿನಲ್ಲಿ ಆ ನಿಯಮ ಆ ಮೌಲ್ಯವನ್ನೇ ತುಳಿಯುತ್ತಿತ್ತು. ಇಲ್ಲಿ ಸಂಸ್ಕೃತಿಯ ಪರ ನಿಂತವರು ಯಾರು ಹೇಳಿ, ಅಜ್ಜನೋ, ತಾಯಿಯೋ?

ಇದೇ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಸಾಂಡಿಲೆ ನ್ಗೊಬೊ ಭಿನ್ನ ತೀರ್ಪು ಬರೆದರು. ಹೆಣ್ಣುಮಕ್ಕಳನ್ನು ಹೊರಗಿಡುವುದು ತಪ್ಪು ಅನ್ನುವುದನ್ನು ಅವರೂ ಒಪ್ಪಿದರು. ಆದರೆ ಬಹುಮತದವರ ಹಾಗೆ ರೂಢಿಯ ನಿಯಮವನ್ನು ಪೂರಾ ಕಿತ್ತುಹಾಕುವ ಬದಲು, ಹೆಣ್ಣುಮಕ್ಕಳಿಗೂ ವಾರಸು ಸಿಗುವಂತೆ ಅದನ್ನೇ ಬೆಳೆಸಬೇಕು ಅಂದರು. ಹಳ್ಳಿಗಳಲ್ಲಿ ಇನ್ನೂ ಅದೇ ರೀತಿ ಬಾಳುವ ಕುಟುಂಬಗಳಿವೆ, ಅವರ ಕಾನೂನನ್ನು ಕೋರ್ಟು ಸುಮ್ನೆ ಅಳಿಸಿಬಿಡಬಾರದು ಅನ್ನುವುದು ಅವರ ಕಾಳಜಿ. ಈ ಎರಡು ತೀರ್ಪುಗಳ ನಡುವೆ ನನ್ನ ಮನಸ್ಸು ಈಗಲೂ ಹೊಯ್ದಾಡುತ್ತದೆ. ಆ ಎರಡು ಮಕ್ಕಳ ಮಟ್ಟಿಗೆ ಲಂಗಾ ಅವರದೇ ಸರಿ. ಕಾನೂನಿನ ಮುಂದಿನ ದಾರಿಗೆ ನ್ಗೊಬೊ ಅವರ ಮಾತಿನಲ್ಲಿ ತೂಕ ಜಾಸ್ತಿ ಅನಿಸುತ್ತದೆ.

ಇನ್ನು 'ಎಲ್ಲರಿಗೂ ಒಂದೇ ಕಾನೂನು' ಅಂದ ನಿಮ್ಮ ಗೆಳೆಯರಿಗೆ. ಒಂದೇ ಕಾನೂನು ಬರೆದ ಮಾತ್ರಕ್ಕೆ ಒಂದೇ ಕಾನೂನು ನಡೆಯುವುದಿಲ್ಲ. ಇದನ್ನು ಚೆನ್ನಾಗಿ ಕಂಡವರು ಯೂಜೆನ್ ಎರ್ಲಿಶ್. ನೂರು ವರ್ಷದ ಹಿಂದೆ ಆಸ್ಟ್ರಿಯಾ ಸಾಮ್ರಾಜ್ಯದ ಬುಕೊವಿನಾ ಪ್ರಾಂತ್ಯದಲ್ಲಿ ಕಾನೂನು ಪ್ರಾಧ್ಯಾಪಕರಾಗಿದ್ದವರು. ರೊಮೇನಿಯನ್ನರು, ಯುಕ್ರೇನಿಯನ್ನರು, ಯಹೂದಿಗಳು, ಜರ್ಮನ್ನರು, ಆರ್ಮೇನಿಯನ್ನರು ಎಲ್ಲರೂ ಅಲ್ಲಿ ಒಟ್ಟಿಗಿದ್ದರು. ಎಲ್ಲರಿಗೂ 1811ರ ಒಂದೇ ನಾಗರಿಕ ಸಂಹಿತೆ. ಆ ಸಂಹಿತೆ ಮಕ್ಕಳಿಗೆ ತಾವು ದುಡಿದದ್ದರ ಮೇಲೆ ಹಕ್ಕು ಕೊಟ್ಟಿತ್ತು. ಆದರೂ ಅಲ್ಲಿನ ರೈತರ ಮನೆಗಳಲ್ಲಿ ಮಕ್ಕಳ ಕೂಲಿ ಅಪ್ಪನ ಕೈಗೇ ಹೋಗುತ್ತಿತ್ತು, ಮತ್ತೆ ಅದನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ಜನರ ಬದುಕನ್ನು ನಿಜವಾಗಿ ನಡೆಸುವ ಇಂಥ ನಿಯಮಗಳಿಗೆ ಎರ್ಲಿಶ್ 'ಜೀವಂತ ಕಾನೂನು' ಅಂತ ಹೆಸರಿಟ್ಟರು. ಶಾಸ್ತ್ರಕ್ಕಿಂತ ರೂಢಿ ದೊಡ್ಡದು ಅನ್ನುತ್ತೇವಲ್ಲ, ಅದೇ ಮಾತು.

ಅಂದರೆ ಕಾನೂನು ಬಹುತ್ವ ಸರ್ಕಾರ ಕೊಡುವ ರಿಯಾಯಿತಿ ಅಲ್ಲ. ಸರ್ಕಾರ ಒಪ್ಪಲಿ ಬಿಡಲಿ, ಅದು ಇದ್ದೇ ಇರುತ್ತದೆ. ಒಪ್ಪದೆ ಇದ್ದಾಗ ಅದು ಕಣ್ಣಿಗೆ ಬೀಳದ ಹಾಗೆ ನಡೆಯುತ್ತದೆ. ಕಣ್ಣಿಗೆ ಬೀಳದ ಕಡೆ ಮೇಲ್ಮನವಿ ಎಲ್ಲಿಂದ ಬರಬೇಕು?

ಸಂಸ್ಕೃತಿಯ ಪರ ಮಾತಾಡಿದ ಗೆಳೆಯರಿಗೂ ಒಂದು ಮಾತಿದೆ. 'ನಮ್ಮ ರೂಢಿ' ಅಂತ ಪುಸ್ತಕದಲ್ಲಿ ಕೂತಿರುವುದರಲ್ಲಿ ಎಷ್ಟೋ ಭಾಗ ರೂಢಿಯೇ ಅಲ್ಲ. ರೂಢಿ ಬಾಯಿಂದ ಬಾಯಿಗೆ ನಡೆಯುವಾಗ ಮೆತ್ತಗಿರುತ್ತದೆ. ಸಂದರ್ಭ ನೋಡಿ ಬಾಗುತ್ತದೆ. ವಸಾಹತು ಆಡಳಿತಗಾರರಿಗೆ ಅದು ಬೇಕಿರಲಿಲ್ಲ. ಕಚೇರಿಯಲ್ಲಿ ತೆರೆದು ಓದುವಂಥ ಗಟ್ಟಿ ನಿಯಮ ಬೇಕಿತ್ತು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ಮದುವೆ, ವಾರಸು ಮುಂತಾದ ವಿಷಯಗಳಲ್ಲಿ ಮುಸ್ಲಿಮರಿಗೆ ಕುರಾನು, ಹಿಂದೂಗಳಿಗೆ ಶಾಸ್ತ್ರ ಅಂತ ಗೊತ್ತುಮಾಡಿದ. ಪಂಡಿತರು, ಮೌಲ್ವಿಗಳು ಏನು ಹೇಳಿದರೋ ಅದು ಕಾನೂನಾಯಿತು. ಊರೂರಿಗೆ, ಜಾತಿ ಜಾತಿಗೆ ಬೇರೆಯಾಗಿದ್ದ ನಡವಳಿಕೆ ಹಿಂದೆ ಸರಿಯಿತು. ಆ ಮಾತು ಕೇಳಿಸಿಕೊಳ್ಳುವಾಗ ಹೆಂಗಸರನ್ನು ಯಾರು ಕೇಳಿದರು? ದಕ್ಷಿಣ ಆಫ್ರಿಕಾದಲ್ಲೂ ಅದೇ ಆಯಿತು. ಭೇ ಪ್ರಕರಣದಲ್ಲಿ ರದ್ದಾದ ನಿಯಮದ ಬೆನ್ನಿಗಿದ್ದದ್ದು 1927ರ ಕರಿಯರ ಆಡಳಿತ ಕಾಯ್ದೆ. ಬಿಳಿಯರ ಸರ್ಕಾರ ಮಾಡಿದ್ದು.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸಾಂಟಾ ಕ್ಲಾರಾ ಪ್ಯೂಬ್ಲೊ ಅಂತ ಒಂದು ಮೂಲನಿವಾಸಿ ಸಮುದಾಯವಿದೆ. ಅವರಲ್ಲಿ ಆಗ ಗಂಡು ಹೊರಗಿನವಳನ್ನು ಮದುವೆಯಾದರೆ ಮಕ್ಕಳು ಸಮುದಾಯದ ಸದಸ್ಯರಾಗುತ್ತಿದ್ದರು. ಹೆಣ್ಣು ಹೊರಗಿನವನನ್ನು ಮದುವೆಯಾದರೆ ಮಕ್ಕಳು ಸದಸ್ಯರಾಗುತ್ತಿರಲಿಲ್ಲ. ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಅದೇ ಭಾಷೆ ಆಡಿದರೂ ಇಲ್ಲ. ಜೂಲಿಯಾ ಮಾರ್ಟಿನೆಜ್ ಅನ್ನುವ ತಾಯಿ ಕೇಸು ಹಾಕಿದಳು. 1978ರಲ್ಲಿ ಸುಪ್ರೀಂ ಕೋರ್ಟು, ಇದು ಸಮುದಾಯದ ಒಳಗಿನ ವಿಷಯ, ಫೆಡರಲ್ ಕೋರ್ಟುಗಳು ಇಂಥ ಕೇಸು ಕೇಳುವಂತಿಲ್ಲ ಅಂದಿತು. ಅವರ ಸ್ವಾಯತ್ತೆಗೆ ಬೆಲೆ ಕೊಟ್ಟದ್ದನ್ನು ನಾನು ತಪ್ಪು ಅನ್ನಲಾರೆ. ಆದರೆ ಆ ನಿಯಮದ ವಯಸ್ಸು ನೋಡಿ. ಅದು ಬಂದದ್ದು 1939ರಲ್ಲಿ. ಅದಕ್ಕೆ ಮೊದಲು ಇಂಥ ಮಕ್ಕಳ ವಿಷಯವನ್ನು ಒಂದೊಂದಾಗಿ ನೋಡಿ ತೀರ್ಮಾನ ಮಾಡುತ್ತಿದ್ದರು. ಕೇಸು ಸುಪ್ರೀಂ ಕೋರ್ಟು ಮುಟ್ಟುವಾಗ ಆ 'ಪರಂಪರೆ'ಗೆ ನಲವತ್ತು ವರ್ಷವೂ ತುಂಬಿರಲಿಲ್ಲ. ಅಜ್ಜ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳಬೇಕಾ ಅಂತ ಒಂದು ಗಾದೆ ಇದೆಯಲ್ಲ. ಇಲ್ಲಿ ಆ ಮರವನ್ನು ಅಜ್ಜ ನೆಟ್ಟಿರಲೂ ಇಲ್ಲ.

ಸಾಂಸ್ಕೃತಿಕ ಮೌಲ್ಯಗಳಲ್ಲಿ ನನ್ನನ್ನು ಬಹಳ ಕಾಡಿದ್ದು 'ರಾಜಿ' ಅನ್ನುವ ಮೌಲ್ಯ. ಸರ್ಕಾರದ ಕೋರ್ಟು ಯಾರು ಸರಿ, ಯಾರು ತಪ್ಪು ಅಂತ ಕೇಳುತ್ತದೆ. ಎಷ್ಟೋ ಸಮುದಾಯಗಳು ಕೇಳುವ ಪ್ರಶ್ನೆ ಬೇರೆ: ನಾಳೆ ಇವರಿಬ್ಬರೂ ಒಂದೇ ದಾರಿಯಲ್ಲಿ ಓಡಾಡಬೇಕಲ್ಲ, ಹೇಗೆ? ಮೆಕ್ಸಿಕೋದ ವಹಾಕಾ ರಾಜ್ಯದ ಝಾಪೊಟೆಕ್ ಹಳ್ಳಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಲಾರಾ ನೇಡರ್ ಅಲ್ಲಿ ಒಂದು ಮಾತು ಕೇಳಿದರು. ಒಳ್ಳೆಯ ಜಗಳಕ್ಕಿಂತ ಕೆಟ್ಟ ರಾಜಿಯೇ ಮೇಲು ಅಂತ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನಾವೂ ಹೇಳುತ್ತೇವೆ. ಎಲ್ಲೋ ಇರುವ ಎರಡು ಜನಸಮುದಾಯ ಒಂದೇ ಅನುಭವದಿಂದ ಒಂದೇ ಮಾತಿಗೆ ಬಂದಿವೆ ಅಂದರೆ ಅದರಲ್ಲಿ ಸತ್ಯ ಇರಲೇಬೇಕು. ರಾಜಿಯಲ್ಲಿ ಖರ್ಚು ಕಡಿಮೆ. ಮಾತು ತಮ್ಮದೇ ಭಾಷೆಯಲ್ಲಿ ನಡೆಯುತ್ತದೆ. ವರ್ಷಗಟ್ಟಲೆ ಕಾಯಬೇಕಿಲ್ಲ. ಬಡವರಿಗೆ ಇದು ಸಣ್ಣ ವಿಷಯ ಅಲ್ಲ.

ನೇಡರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಈ ಸಾಮರಸ್ಯದ ಪಾಠ ಪೂರಾ ಆ ನೆಲದ್ದಲ್ಲ, ಸ್ಪೇನಿನ ಪಾದ್ರಿಗಳ ಕಾಲದಿಂದ ಬಂದದ್ದೂ ಅದರಲ್ಲಿ ಸೇರಿದೆ ಅಂದರು. ಆಮೇಲೆ ಹಳ್ಳಿಯವರು ಅದನ್ನೇ ಗುರಾಣಿ ಮಾಡಿಕೊಂಡರು. ನಮ್ಮಲ್ಲಿ ಜಗಳವೇ ಇಲ್ಲ, ನಾವೇ ಬಗೆಹರಿಸಿಕೊಳ್ಳುತ್ತೇವೆ ಅಂತ ತೋರಿಸಿ ಸರ್ಕಾರವನ್ನು ದೂರ ಇಟ್ಟರು. ಒಂದೇ ಮೌಲ್ಯ, ಬೇರೆ ಬೇರೆ ಕೈಯಲ್ಲಿ ಬೇರೆ ಬೇರೆ ಕೆಲಸ.

ಆ ಗುರಾಣಿಯ ಒಳಗೆ ಏನಾಗುತ್ತದೆ ಅನ್ನುವುದೂ ಮುಖ್ಯ ಅಲ್ವಾ? ನಾನು ಕೆಲವು ರಾಜಿ ಸಭೆಗಳಲ್ಲಿ ಕೂತಿದ್ದೇನೆ. ಒಂದು ಸಭೆಯಲ್ಲಿ ಗಂಡನ ಕಡೆಯ ಹಿರಿಯರು ಆರು ಜನ ಮಾತಾಡಿದರು. ಹೊಡೆತ ತಿಂದ ಹೆಂಡತಿಯನ್ನು ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದರು: ಹೊಂದಿಕೊಂಡು ಹೋಗ್ತೀಯಾ? ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, 'ಹೂಂ' ಅಂದಳು. ಎಲ್ಲರೂ ಸಮಾಧಾನದಿಂದ ಎದ್ದರು. ಕಡತದಲ್ಲಿ 'ರಾಜಿಯಾಗಿದೆ' ಅಂತ ಬರೆದರು. ಆ 'ಹೂಂ' ಒಪ್ಪಿಗೆ ಆಗಿರಲಿಲ್ಲ ಅನ್ನುವುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಆ ದಿನ ನಾನು ಬಾಯಿ ಬಿಡಲಿಲ್ಲ ಅನ್ನುವ ನೋವು ಇನ್ನೂ ಹೋಗಿಲ್ಲ. ರಾಜಿಗೆ ಕೂತವರಲ್ಲಿ ಒಬ್ಬರಿಗೆ ಎದ್ದು ಹೋಗಲು ಬೇರೆ ಜಾಗವೇ ಇಲ್ಲದಿದ್ದರೆ, ಅಲ್ಲಿ ಆಗುವುದು ರಾಜಿಯಲ್ಲ.

ರವಾಂಡಾದ ಗಚಾಚಾ ನ್ಯಾಯಾಲಯಗಳಲ್ಲಿ ಈ ಎರಡೂ ಮುಖ ಬಹಳ ದೊಡ್ಡ ಪ್ರಮಾಣದಲ್ಲಿ ಕಾಣುತ್ತವೆ. 1994ರ ನರಮೇಧದ ನಂತರ ಜೈಲುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆರೋಪಿಗಳು ತುಂಬಿದ್ದರು. ನ್ಯಾಯಾಧೀಶರು, ವಕೀಲರಲ್ಲಿ ಎಷ್ಟೋ ಜನ ಸತ್ತಿದ್ದರು ಅಥವಾ ದೇಶ ಬಿಟ್ಟಿದ್ದರು. ಆಗ ಸರ್ಕಾರ ಹಳೆಯ ರೂಢಿಯೊಂದನ್ನು ಎತ್ತಿಕೊಂಡಿತು. ಹುಲ್ಲಿನ ಮೇಲೆ ಕೂತು ಹಿರಿಯರು ಜಮೀನು, ದನದಂಥ ವ್ಯಾಜ್ಯ ತೀರಿಸುತ್ತಿದ್ದ ಪದ್ಧತಿ ಅದು. ಅದನ್ನು ಕಾನೂನು ಮಾಡಿ, 2012ರಲ್ಲಿ ಮುಗಿಯುವವರೆಗೆ ಸುಮಾರು 12,000 ಸಮುದಾಯ ನ್ಯಾಯಾಲಯಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರಕರಣ ನಡೆಸಿದರು. ಹಳೆಯ ಪದ್ಧತಿಯಲ್ಲಿ ತೀರ್ಪು ಕೊಡುವ ಜಾಗದಲ್ಲಿ ಗಂಡಸರೇ ಇರುತ್ತಿದ್ದರು. ಹೊಸದರಲ್ಲಿ ಹೆಂಗಸರೂ ಕೂತರು. ತಮ್ಮವರ ಹೆಣ ಎಲ್ಲಿದೆ ಅಂತ ಎಷ್ಟೋ ಮನೆಯವರಿಗೆ ಗೊತ್ತಾದದ್ದು ಇಲ್ಲೇ. ಇದನ್ನು ಯಾವ ಪಟ್ಟಣದ ಕೋರ್ಟೂ ಕೊಡಲು ಆಗುತ್ತಿರಲಿಲ್ಲ. ಆದರೆ ಆರೋಪಿಗಳಿಗೆ ವಕೀಲರಿರಲಿಲ್ಲ. ಆಗಿನ ಯುದ್ಧದಲ್ಲಿ ಗೆದ್ದು ಸರ್ಕಾರ ಮಾಡಿದ ಪಕ್ಷದ ಸೈನಿಕರು ಮಾಡಿದ ಕೊಲೆಗಳು ಅಲ್ಲಿ ವಿಚಾರಣೆಗೇ ಬರಲಿಲ್ಲ. ರೂಢಿಯ ಹೆಸರಿತ್ತು, ಹಿಂದೆ ಸರ್ಕಾರದ ಕೈ ಇತ್ತು. ಗಚಾಚಾ ಒಳ್ಳೆಯದೋ ಕೆಟ್ಟದ್ದೋ ಅಂತ ವಿದ್ಯಾರ್ಥಿಗಳು ಕೇಳಿದಾಗ, ಯಾರಿಗೆ ಅಂತ ನಾನು ವಾಪಸ್ ಕೇಳುತ್ತೇನೆ.

ಇನ್ನೊಂದು ತಪ್ಪು ಕಲ್ಪನೆ ಇದೆ. ಸಂಸ್ಕೃತಿ ರೂಢಿಯಲ್ಲಿ ಮಾತ್ರ ಇರುತ್ತದೆ, ಸರ್ಕಾರದ ಕಾನೂನು ಯಾರ ಸಂಸ್ಕೃತಿಗೂ ಸೇರಿದ್ದಲ್ಲ ಅಂತ. ಕೆನಡಾದ ಕಥೆ ಕೇಳಿ. ಅಲ್ಲಿನ ಇಂಡಿಯನ್ ಕಾಯ್ದೆ ಮೂಲನಿವಾಸಿಗಳು ಯಾರು ಅಂತ ಗೊತ್ತುಮಾಡುತ್ತಿತ್ತು. ಹೆಣ್ಣು ಹೊರಗಿನವನನ್ನು ಮದುವೆಯಾದರೆ ಅವಳ ಸ್ಥಾನಮಾನವೇ ಹೋಗುತ್ತಿತ್ತು. ಗಂಡಿಗೆ ಹಾಗಾಗುತ್ತಿರಲಿಲ್ಲ, ಅವನ ಬಿಳಿ ಹೆಂಡತಿಗೂ ಸ್ಥಾನಮಾನ ಸಿಗುತ್ತಿತ್ತು. ಸಾಂಡ್ರಾ ಲವ್‌ಲೇಸ್ ಅನ್ನುವ ಮೂಲನಿವಾಸಿ ಹೆಂಗಸು 1970ರಲ್ಲಿ ಹೊರಗಿನವನನ್ನು ಮದುವೆಯಾಗಿ, ಮದುವೆ ಮುರಿದು, ಮಕ್ಕಳ ಜೊತೆ ತವರಿಗೆ ಬಂದರೆ ಅಲ್ಲಿರುವ ಹಕ್ಕೇ ಇರಲಿಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯವರೆಗೆ ಹೋದರು. 1981ರಲ್ಲಿ ಸಮಿತಿ ಅವರ ಪರ ಹೇಳಿತು. ಅದು ಕೊಟ್ಟ ಕಾರಣ ನಿಮ್ಮ ತರಗತಿಯ ಜಗಳಕ್ಕೆ ನೇರ ಉತ್ತರ. ತನ್ನ ಜನರ ಜೊತೆ ತನ್ನ ಸಂಸ್ಕೃತಿಯಲ್ಲಿ ಬಾಳುವ ಹಕ್ಕನ್ನು ಆಕೆಗೆ ತಪ್ಪಿಸಲಾಗಿದೆ ಅಂತ. ಇಲ್ಲಿ ಹೆಣ್ಣಿಗೆ ಅನ್ಯಾಯ ಮಾಡಿದ್ದು ಸಂಸತ್ತಿನ ಕಾನೂನು, ಅವಳನ್ನು ಕಾಪಾಡಿದ್ದು ಸಂಸ್ಕೃತಿಯ ಹಕ್ಕು. ಕಾಯ್ದೆ 1985ರಲ್ಲಿ ತಿದ್ದುಪಡಿಯಾಯಿತು.

ಒಂದು ಸಮುದಾಯದ ಮೌಲ್ಯ ದೇಶದ ಕಾನೂನನ್ನೇ ಬೆಳೆಸುವುದೂ ಉಂಟು. ನ್ಯೂಜಿಲೆಂಡಿನ ಹ್ವಾಂಗನುಯಿ ನದಿಯ ದಡದ ಮಾವೋರಿಗಳು 'ನಾನೇ ನದಿ, ನದಿಯೇ ನಾನು' ಅನ್ನುತ್ತಾರೆ. ನದಿ ಅವರಿಗೆ ಆಸ್ತಿಯಲ್ಲ, ಹಿರಿಯ ಬಂಧು. ನೂರು ವರ್ಷಕ್ಕೂ ಜಾಸ್ತಿ ಹೋರಾಡಿದ ಮೇಲೆ 2017ರಲ್ಲಿ ಸಂಸತ್ತು ಆ ನದಿಯನ್ನು ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿ ಅಂತ ಒಪ್ಪಿತು. ನದಿಯ ಪರ ಮಾತಾಡಲು ಇಬ್ಬರನ್ನು ನೇಮಿಸುತ್ತಾರೆ, ಒಬ್ಬರು ಸರ್ಕಾರದ ಕಡೆಯಿಂದ, ಒಬ್ಬರು ನದಿಯ ಮಾವೋರಿಗಳ ಕಡೆಯಿಂದ.

ಹಾಗಾದರೆ ಯಾವ ಕಡೆ ನಿಲ್ಲಬೇಕು? ನಾನು ನಿಲ್ಲುವುದು ಸಮುದಾಯದ ಒಳಗೇ ಇದ್ದು ಬೇರೆ ಮಾತು ಹೇಳುವವರ ಪಕ್ಕದಲ್ಲಿ. ಎಲ್ಲ ಸಮುದಾಯದಲ್ಲೂ ಅಂಥವರಿರುತ್ತಾರೆ. ರೂಢಿ ಏನು ಅಂತ ಹೊರಗಿನವರು ಕೇಳಿದಾಗ ಉತ್ತರ ಕೊಡಲು ಮುಂದೆ ಬರುವವರು ಸಾಮಾನ್ಯವಾಗಿ ಅದರಿಂದ ಲಾಭ ಇರುವವರು. ಬೋಟ್ಸ್ವಾನಾದಲ್ಲಿ ನಾಲ್ವರು ವಯಸ್ಸಾದ ಅಕ್ಕತಂಗಿಯರು ತಾವೇ ಖರ್ಚು ಹಾಕಿ ಉಳಿಸಿಕೊಂಡಿದ್ದ ತವರುಮನೆಗಾಗಿ ಕೋರ್ಟಿಗೆ ಹೋದರು. ಮನೆ ಗಂಡುಮಗನಿಗೇ ಅನ್ನುವುದು ನಮ್ಮ ರೂಢಿ ಅಂತ ಎದುರು ಕಡೆಯ ವಾದ. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಮಾತನ್ನು ಹಾಗೇ ಒಪ್ಪಿಕೊಳ್ಳಲಿಲ್ಲ. ಜನ ನಿಜವಾಗಿ ಹೇಗೆ ನಡೆದುಕೊಳ್ಳುತ್ತಿದ್ದಾರೆ ಅಂತ ನೋಡಿತು. ರೂಢಿ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಅಂದು ಅಕ್ಕತಂಗಿಯರ ಪರ ನಿಂತಿತು.

ಅವರಿಗೆ ಎರಡು ಆಸರೆ ಬೇಕಿತ್ತು, ಎರಡೂ ಸಿಕ್ಕವು. ನಾವು ಈ ಸಮುದಾಯದವರೇ, ನಮ್ಮ ಬದುಕೂ ರೂಢಿಯೇ ಅಂತ ಹೇಳುವ ಅವಕಾಶ ಒಂದು. ಒಳಗೆ ಕೇಳದಿದ್ದರೆ ಬಡಿಯಲು ಬೇರೆ ಬಾಗಿಲು, ಅಂದರೆ ಕೋರ್ಟು, ಇನ್ನೊಂದು. ಬಾಗಿಲು ಇದೆ ಅಂತ ಎಲ್ಲರಿಗೂ ಗೊತ್ತಿದ್ದರೆ ಒಳಗಿನ ಹಿರಿಯರ ಮಾತೂ ಮೆತ್ತಗಾಗುತ್ತದೆ. ಬಾಗಿಲು ಬಡಿಯುವ ಪ್ರಸಂಗವೇ ಎಷ್ಟೋ ಸಲ ಬರುವುದಿಲ್ಲ. ಸಮಾಜಕಾರ್ಯ ಓದುವ ನಿಮಗೆ ಇದು ತೀರಾ ಹತ್ತಿರದ ವಿಷಯ. ನಾಳೆ ಇಂಥ ಸಭೆಗೆ ಹೋದಾಗ ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಯಾರನ್ನು ಕೊನೆಗೆ ಕೇಳುತ್ತಾರೆ ಅಂತ ನೋಡಿ. ಕೊನೆಗೆ ಕೇಳುವವರನ್ನು ಸಭೆಗೆ ಮೊದಲೇ, ಬೇರೆಯಾಗಿ, ನೀವೊಬ್ಬರೇ ಕೂತು ಕೇಳಿ.

ತರಗತಿಗೆ ಒಯ್ಯಲು ಇನ್ನೊಂದು ಪ್ರಕರಣ ಕೊಡುತ್ತೇನೆ. ಭೇ ತೀರ್ಪಾದ ನಾಲ್ಕು ವರ್ಷಕ್ಕೆ, 2008ರಲ್ಲಿ, ಅದೇ ನ್ಯಾಯಾಲಯಕ್ಕೆ ವಲೋಯಿ ಸಮುದಾಯದ ಮುಖ್ಯಸ್ಥರ ಪಟ್ಟದ ಜಗಳ ಬಂತು. 1968ರಲ್ಲಿ ಮುಖ್ಯಸ್ಥ ತೀರಿಕೊಂಡಾಗ ಮಗಳು ಫಿಲಿಯಾ ಶಿಲುಬಾನಾಗೆ ಹೆಣ್ಣು ಅನ್ನುವ ಕಾರಣಕ್ಕೆ ಪಟ್ಟ ತಪ್ಪಿತ್ತು. ಚಿಕ್ಕಪ್ಪನಿಗೆ ಹೋಯಿತು. ಸುಮಾರು ಮೂವತ್ತು ವರ್ಷದ ನಂತರ ಅದೇ ಮನೆತನದವರು, ಅದೇ ಸಮುದಾಯದ ಹಿರಿಯರು ಕೂತು, ಈಗ ಸಂವಿಧಾನದಲ್ಲಿ ಗಂಡು ಹೆಣ್ಣು ಸಮ, ಪಟ್ಟ ಅವಳಿಗೇ ಸಲ್ಲಬೇಕು ಅಂತ ನಿರ್ಣಯ ಮಾಡಿದರು. ಚಿಕ್ಕಪ್ಪನ ಮಗ ಇದು ರೂಢಿಗೆ ವಿರುದ್ಧ ಅಂದ. ಕೆಳಗಿನ ಕೋರ್ಟುಗಳು ಅವನ ಮಾತು ಒಪ್ಪಿದವು. ಸಂವಿಧಾನ ನ್ಯಾಯಾಲಯ ಒಪ್ಪಲಿಲ್ಲ. ತಮ್ಮ ರೂಢಿಯನ್ನು ತಾವೇ ಬದಲಿಸಿಕೊಳ್ಳುವ ಅಧಿಕಾರ ಸಮುದಾಯಕ್ಕಿದೆ ಅಂದಿತು. ಶಿಲುಬಾನಾ ಗೆದ್ದರು. ಈ ತೀರ್ಪನ್ನೂ ಭೇ ಪ್ರಕರಣದ ನ್ಗೊಬೊ ಅವರ ಭಿನ್ನ ತೀರ್ಪನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ನಿಮ್ಮ ಎರಡೂ ಗುಂಪಿನವರು ಒಂದೇ ಮೇಜಿನ ಸುತ್ತ ಕೂತು ಓದಿದರೆ ಇನ್ನೂ ಒಳ್ಳೆಯದು.